ಸಂಬಳ ಕೇಳಬೇಡಿ, ಗುಳಿಗೆಯ ಲೆಕ್ಕ ಕೇಳಿ

ಸಕ್ಕರೆ ಕಾಯಿಲೆ ಇರುವವರೊಬ್ಬರ ಹಳೆಯ ಚೀಟಿಗಳನ್ನು ತಾರೀಖಿನ ಪ್ರಕಾರ ಮೇಜಿನ ಮೇಲೆ ಹರಡಿ ನೋಡಿದರೆ ಎಷ್ಟೋ ಸಲ ಒಂದೇ ಕಥೆ ಕಾಣುತ್ತದೆ. ಮೊದಲನೆಯದರಲ್ಲಿ ಮೆಟ್‌ಫಾರ್ಮಿನ್ 500 ಮಿ.ಗ್ರಾಂ., ಎರಡು ಹೊತ್ತು. ಮೂರು ತಿಂಗಳ ಮೇಲಿನದರಲ್ಲಿ ಅದು 1000. ಆಮೇಲೆ ಗ್ಲಿಮೆಪಿರೈಡ್ 1 ಸೇರಿತು, ಅದು 2 ಆಯಿತು, ಬೆನ್ನಿಗೇ ಮೂರನೆಯ ಮಾತ್ರೆಯೊಂದು ಬಂತು. ಚೀಟಿಯ ಮೂಲೆಯಲ್ಲಿ ಬರೆದ ಸಕ್ಕರೆಯ ಅಂಕಿ ಮಾತ್ರ 260, 280, 270 ಎಂದು ಅಲ್ಲಲ್ಲೇ ಸುತ್ತುತ್ತಿದೆ. ಮದ್ದು ಏರಿಸಿದರೂ ಅಂಕಿ ಇಳಿಯದಿದ್ದರೆ ಕಾಯಿಲೆ ಬಲಿಯುತ್ತಿದೆ ಎಂದೇ ಡಾಕ್ಟರಿಗೆ ತೋರುತ್ತದೆ. ಓದಿದ ಪುಸ್ತಕವೂ ಹಾಗೇ ಹೇಳುತ್ತದೆ. ಆದರೆ ಚೀಟಿಗೂ ಹೊಟ್ಟೆಗೂ ನಡುವೆ ಮೆಡಿಕಲ್ ಅಂಗಡಿಯ ಕೌಂಟರ್ ಒಂದಿದೆ. ಅಲ್ಲಿ ಏನಾಯಿತು ಎಂದು ಯಾರೂ ಕೇಳಿರುವುದಿಲ್ಲ. ಫ್ಯಾಮಿಲಿ ಡಾಕ್ಟರು ರೋಗಿಯ ಹಣದ ಸ್ಥಿತಿ ಕೇಳಬೇಕೇ ಎಂಬ ಪ್ರಶ್ನೆ ಹುಟ್ಟುವುದು ಅಲ್ಲೇ.

ಠಾಣೆ ಕಡೆಯ ಒಂದು ಉಡುಪಿ ಹೊಟೇಲಿನ ಅಡುಗೆ ಭಟ್ಟರನ್ನು ತೆಗೆದುಕೊಳ್ಳಿ. ವಯಸ್ಸು ಐವತ್ತು ದಾಟಿದೆ. ಇವರು ಇಲ್ಲಿ ಹೊಟೇಲಿನ ರೂಮಿನಲ್ಲಿ ಆರು ಜನರ ಜೊತೆ, ಸಂಸಾರ ಕುಂದಾಪುರದ ಕಡೆ ಊರಿನಲ್ಲಿ. ಡಾಕ್ಟರು ಒಂದು ದಿನ ‘ಮುಂದಿನ ಸಲ ಮದ್ದೆಲ್ಲ ತಗೊಂಡು ಬನ್ನಿ ಭಟ್ರೇ’ ಎಂದರು. ಬಂದ ಪೊಟ್ಟಣದಲ್ಲಿ ಇಡೀ ಸ್ಟ್ರಿಪ್ ಒಂದೂ ಇಲ್ಲ. ಕತ್ತರಿಯಲ್ಲಿ ಕತ್ತರಿಸಿದ ತುಂಡುಗಳು, ಐದೈದು ಮಾತ್ರೆಯವು, ಕೆಲವದರಲ್ಲಿ ಹೆಸರೂ ಇಲ್ಲ, ಎಕ್ಸ್‌ಪೈರಿ ತಾರೀಖೂ ಇಲ್ಲ. ಕೇಳಿದಾಗ ತಿಳಿದದ್ದು ಇಷ್ಟು: ಸಂಬಳ ಆಗುವುದು ಏಳನೇ ತಾರೀಖಿಗೆ. ಇಪ್ಪತ್ತರ ತನಕ ಎಲ್ಲವೂ ಸರಿ. ಇಪ್ಪತ್ತರ ಮೇಲೆ ದಿನ ಬಿಟ್ಟು ದಿನ. ಮೂರು ಮಾತ್ರೆಯಲ್ಲಿ ಯಾವುದು ಹೆಚ್ಚು ಬೆಲೆಯದೋ ಅದು ಆಗ ಬಂದ್. ಅವರಿಗೆ ಬಿಡುವು ಸಿಕ್ಕಿ ದವಾಖಾನೆಗೆ ಬರುತ್ತಿದ್ದುದೂ ಪ್ರತಿ ಸಲ ತಿಂಗಳ ಕೊನೆಯ ವಾರದಲ್ಲೇ. ಹಾಗಾಗಿ ಡಾಕ್ಟರಿಗೆ ಕಂಡದ್ದು ಮದ್ದಿಲ್ಲದ ದಿನಗಳ ಸಕ್ಕರೆ, ಬರೆದದ್ದು ಮದ್ದು ಸಾಲದವರಿಗೆ ಬರೆಯುವ ಚೀಟಿ.

ಆಮೇಲೆ ಆದದ್ದು ಇನ್ನೂ ಕೆಟ್ಟದ್ದು. ಭಟ್ಟರು ರಜೆಯಲ್ಲಿ ಊರಿಗೆ ಹೋದರು. ಹೆಂಡತಿ ಚೀಟಿ ನೋಡಿ ಮೂರೂ ಮದ್ದನ್ನು ಹೊತ್ತಿಗೆ ಸರಿಯಾಗಿ, ಒಂದೂ ತಪ್ಪದಂತೆ ಕೊಟ್ಟರು. ನಾಲ್ಕನೆಯ ದಿನ ಬೆಳಗಿನ ಜಾವ ಮೈಯೆಲ್ಲ ಬೆವರಿ, ಮಾತು ತೊದಲಿ ಬಿದ್ದರು. ಸಕ್ಕರೆ 46. ಗ್ಲಿಮೆಪಿರೈಡ್‌ನಂಥ ಮಾತ್ರೆ ಊಟ ಮಾಡಿದ್ದೀರೋ ಇಲ್ಲವೋ ನೋಡದೆ ಇನ್ಸುಲಿನ್ ಹೊರಡಿಸುತ್ತದೆ; ಅರ್ಧಕ್ಕರ್ಧ ತಿನ್ನುತ್ತಿದ್ದ ಮೈಗೆ ಪೂರ್ತಿ ಡೋಸು ಒಮ್ಮೆಲೇ ಬಿದ್ದರೆ ಹೀಗಾಗುತ್ತದೆ. ರಕ್ತದೊತ್ತಡದ ರೋಗಿಗಳಲ್ಲೂ ಇದೇ ಆಟ. ಮನೆಯಲ್ಲಿ ನಾಲ್ಕು ಮಾತ್ರೆ ಬರೆಸಿಕೊಂಡು ಎರಡು ತಿನ್ನುತ್ತಿರುವವರು ಬೇರೆ ಯಾವುದೋ ಕಾರಣಕ್ಕೆ ಆಸ್ಪತ್ರೆಗೆ ಸೇರುತ್ತಾರೆ, ನರ್ಸು ನಾಲ್ಕನ್ನೂ ಕೊಡುತ್ತಾಳೆ, ಮರುದಿನ ಎದ್ದು ನಿಂತಾಗ ಬಿ.ಪಿ. ಕುಸಿದು ಬೀಳುತ್ತಾರೆ.

ಹಾಗಾಗಿ ಫ್ಯಾಮಿಲಿ ಡಾಕ್ಟರು ರೋಗಿಯ ಹಣದ ಸ್ಥಿತಿ ಕೇಳಬೇಕೇ ಎನ್ನುವುದನ್ನು ಕರುಣೆಯ ವಿಷಯ ಮಾಡುವುದು ನನಗೆ ಸರಿಕಾಣುವುದಿಲ್ಲ. ಹೊಟ್ಟೆ ಒತ್ತಿ ನೋಡಿದಷ್ಟೇ ಇದೂ ತಪಾಸಣೆಯ ಭಾಗ. ಕೇಳದಿದ್ದರೆ ರೋಗನಿದಾನವೇ ತಪ್ಪುತ್ತದೆ. ಆದರೆ ಕೇಳುವುದಕ್ಕೊಂದು ಷರತ್ತಿದೆ: ಉತ್ತರ ಕೇಳಿದ ಮೇಲೆ ಅಲ್ಲೇ, ಆ ಚೀಟಿಯಲ್ಲೇ, ಏನಾದರೊಂದು ಬದಲಿಸಲು ತಯಾರಿರುವವರಷ್ಟೇ ಕೇಳಬೇಕು. ಸುಮ್ಮನೆ ಕೇಳಿ ‘ಪಾಪ’ ಎಂದು ಹಳೆಯ ಚೀಟಿಯನ್ನೇ ರಿಪೀಟ್ ಮಾಡುವುದಾದರೆ ಕೇಳದಿರುವುದೇ ಮೇಲು.

ಕಣ್ಣಂದಾಜು

ಕೇಳುವುದು ಅವಮಾನ ಎನ್ನುವ ಡಾಕ್ಟರುಗಳೂ ಕೇಳುತ್ತಲೇ ಇರುತ್ತಾರೆ, ಕಣ್ಣಿನಿಂದ. ಚಪ್ಪಲಿ ನೋಡುತ್ತಾರೆ, ಕೊರಳಿನ ಚೈನು, ಮೊಬೈಲು ನೋಡುತ್ತಾರೆ. ಡೊಂಬಿವಿಲಿಯಿಂದ ಬಂದವರೋ ಮುಲುಂಡಿನವರೋ, ಚಾಳಿನವರೋ ಟವರಿನವರೋ ಎಂದು ಅಳೆಯುತ್ತಾರೆ. ಆಮೇಲೆ ಆ ಅಳತೆಗೆ ಸರಿಯಾಗಿ ಬ್ರ್ಯಾಂಡು ಬರೆಯುತ್ತಾರೆ. ಈ ಅಂದಾಜು ಮುಂಬಯಿಯಲ್ಲಿ ನಮ್ಮ ಕನ್ನಡದವರ ವಿಷಯದಲ್ಲಿ ಎಷ್ಟು ತಪ್ಪುತ್ತದೆ ಎಂದರೆ, ಅಂದಾಜು ಮಾಡದೆ ನಾಣ್ಯ ಚಿಮ್ಮಿದರೂ ನಡೆದೀತು.

ಹೊಟೇಲ್ ಕಂಡಕ್ಟಿಂಗ್‌ಗೆ ತೆಗೆದುಕೊಂಡವರನ್ನೇ ನೋಡಿ. ಗಲ್ಲಾದಲ್ಲಿ ಕೂತಿರುತ್ತಾರೆ, ಎಲ್ಲರೂ ‘ಶೇಟ್’ ಎನ್ನುತ್ತಾರೆ, ಊರಿನ ಬ್ರಹ್ಮಕಲಶದ ಆಮಂತ್ರಣ ಪತ್ರಿಕೆಯಲ್ಲಿ ಹೆಸರಿರುತ್ತದೆ. ಆದರೆ ಹೊಟೇಲು ಅವರದಲ್ಲ. ಮಾಲಕರಿಗೆ ಡಿಪಾಸಿಟ್ ಕೊಟ್ಟು, ವ್ಯಾಪಾರ ಆಗಲಿ ಬಿಡಲಿ ತಿಂಗಳಿಗೆ ಇಷ್ಟು ಎಂದು ಕಟ್ಟಬೇಕು. ಡಿಪಾಸಿಟ್ಟಿಗೆ ತಂದದ್ದು ಬಡ್ಡಿ ಸಾಲ. ಇಂಥವರಿಗೆ ಎದೆನೋವು ಬಂದರೆ ಡಾಕ್ಟರು ಚೈನು ನೋಡಿ ನೇರ ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಇವರೂ ‘ಇಲ್ಲ’ ಎನ್ನುವುದಿಲ್ಲ, ಎಂದರೆ ಮರ್ಯಾದೆ ಹೋಗುತ್ತದೆ. ಸ್ಟೆಂಟ್ ಹಾಕಿಸಿಕೊಂಡು ಬರುತ್ತಾರೆ. ನಾಲ್ಕು ತಿಂಗಳ ಮೇಲೆ ಸದ್ದಿಲ್ಲದೆ ಮಾತ್ರೆ ಬಿಡುತ್ತಾರೆ. ಹಾರ್ಟ್ ಅಟ್ಯಾಕಿನ ನಂತರ ಸ್ಟೆಂಟ್ ಹಾಕಿದವರು ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲಾರ್ ಅನ್ನು ಸಾಮಾನ್ಯವಾಗಿ ಒಂದು ವರ್ಷ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ಇವರ ಬಳಿ ಹಣದ ಮಾತು ಯಾರೂ ಎತ್ತಿರಲಿಲ್ಲ, ಇವರು ಎತ್ತುವ ಜನವಲ್ಲ.

ತಲೆಕೆಳಗಾದ ತಪ್ಪೂ ಇದೆ, ಅದರ ಬಗ್ಗೆ ಕಡಿಮೆ ಮಾತಾಡುತ್ತೇವೆ. ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ನಾಕಾದಲ್ಲಿ, ಅಂದರೆ ಕೂಲಿಗೆ ಕರೆಯುವವರನ್ನು ಕಾಯುವ ರಸ್ತೆಯ ಮೂಲೆಯಲ್ಲಿ, ನಿಂತು ಕಟ್ಟಡದ ಕೆಲಸಕ್ಕೆ ಹೋಗುವವರು ಬಂದಾಗ ‘ಇವರಿಂದ ಆಗದು’ ಎಂದು ಡಾಕ್ಟರೇ ತೀರ್ಮಾನಿಸಿ ದುಬಾರಿ ಆಯ್ಕೆಯ ಹೆಸರನ್ನೇ ಎತ್ತುವುದಿಲ್ಲ. ಅವರು ಹೊಲ ಮಾರಿಯಾದರೂ ಮಗುವಿನ ಹೃದಯದ ತೂತು ಮುಚ್ಚಿಸುತ್ತಿದ್ದರೋ ಏನೋ; ಅಥವಾ ಹೊಲ ಮಾರದೆಯೇ ಸರಕಾರಿ ಯೋಜನೆಯಲ್ಲಿ ಆಗುತ್ತಿತ್ತೋ ಏನೋ. ಏನೇನು ದಾರಿ ಇದೆ ಎಂದು ಎಲ್ಲವನ್ನೂ ಮೊದಲು ಹೇಳಿ, ಹಣದ ಮಾತು ಆಮೇಲೆ ಬರಬೇಕು. ಈ ಕ್ರಮ ಉಲ್ಟಾ ಆದರೆ ಕೇಳುವುದೇ ಬಡವರಿಗೆ ಕಡಿಮೆ ಕೊಡಲು ನೆಪವಾಗುತ್ತದೆ.

ಪ್ಲೈವುಡ್ಡಿನ ಆಚೆ ಈಚೆ

ಕೇಳಲು ಜಾಗವೆಲ್ಲಿದೆ ಎನ್ನುವುದು ನ್ಯಾಯವಾದ ಪ್ರಶ್ನೆ. ದವಾಖಾನೆ ಎಂದರೆ ಹತ್ತು ಅಡಿಗೆ ಹನ್ನೆರಡು ಅಡಿಯ ಗಾಳೆ, ಅಂಗಡಿಯಂಥ ಒಂದು ಕೋಣೆ. ಮಧ್ಯೆ ಪ್ಲೈವುಡ್ ಪಾರ್ಟಿಶನ್, ಮೇಲೆ ಒಂದಡಿ ತೆರೆದೇ ಇದೆ, ಫ್ಯಾನಿನ ಗಾಳಿ ಎರಡೂ ಕಡೆ ಹೋಗಲಿ ಎಂದು. ಈಚೆ ಬೆಂಚಿನಲ್ಲಿ ಕೂತ ಎಂಟು ಜನರಲ್ಲಿ ಮೂವರು ಒಂದೇ ಊರಿನವರು. ಒಳಗೆ ‘ದುಡ್ಡಿಗೆ ತೊಂದರೆ ಉಂಟಾ?’ ಎಂದು ಕೇಳಿದರೆ ರಾತ್ರಿಯೊಳಗೆ ಉತ್ತರ ಕಾರ್ಕಳ ತಲುಪುತ್ತದೆ. ಹಣದ ವಿಷಯದಲ್ಲಿ ಡಾಕ್ಟರಿಗಿಂತ ಹೆಚ್ಚು ಗೊತ್ತಿರುವುದು ಕಂಪೌಂಡರಿಗೆ. ಯಾರದು ಎಷ್ಟು ಉದ್ರಿ ಎಂಬ ಪುಸ್ತಕ ಇರುವುದು ಅವನ ಬಳಿ. ಅವನು ಆ ಪುಸ್ತಕ ನೋಡಿ ಗಟ್ಟಿಯಾಗಿ ಹೆಸರು ಓದುವ ಅಭ್ಯಾಸ ಮೊದಲು ನಿಲ್ಲಬೇಕು.

ಜೊತೆಗೆ, ಆಸ್ಪತ್ರೆಯವರು ಹಣ ಕೇಳುವುದು ಏಕೆ ಎಂದು ಈ ಊರಿನ ರೋಗಿಗೆ ಪಾಠವಾಗಿ ಹೋಗಿದೆ. ಖಾಸಗಿ ಆಸ್ಪತ್ರೆಯ ಕೌಂಟರಿನಲ್ಲಿ ಹೆಸರಿನ ಮರುಕ್ಷಣ ಬರುವ ಪ್ರಶ್ನೆ ‘ಮೆಡಿಕ್ಲೇಮ್ ಇದೆಯಾ, ಎಷ್ಟರದು?’ ಇದೆ ಎಂದರೆ ರೂಮಿನ ದರ್ಜೆ ಏರುತ್ತದೆ, ಅದರ ಹಿಂದೆ ಡಾಕ್ಟರ ಭೇಟಿಯ ಚಾರ್ಜಿನಿಂದ ಹಿಡಿದು ಆಪರೇಷನ್ನಿನ ಚಾರ್ಜಿನ ತನಕ ಎಲ್ಲವೂ ಏರುತ್ತವೆ. ಇನ್ನು ಕಟ್ ಪ್ರಾಕ್ಟೀಸ್. ರೋಗಿಯನ್ನು ಕಳಿಸಿಕೊಟ್ಟಿದ್ದಕ್ಕೆ ಕಮಿಷನ್ ತೆಗೆದುಕೊಳ್ಳಬಾರದು ಎಂದು ವೈದ್ಯಕೀಯ ಮಂಡಳಿಯ 2002ರ ನಡವಳಿಕೆಯ ನಿಯಮಗಳಲ್ಲೇ ಇದೆ. 2017ರಲ್ಲಿ ಮಹಾರಾಷ್ಟ್ರ ಸರಕಾರ ಇದಕ್ಕೆಂದೇ ಕಾನೂನಿನ ಕರಡು ಮಾಡಿತು, ಆ ಸುಮಾರಿಗೇ ಮುಂಬಯಿಯ ಒಂದು ಆಸ್ಪತ್ರೆ ‘ಕಮಿಷನ್ ಇಲ್ಲ’ ಎಂದು ಹೋರ್ಡಿಂಗ್ ಹಾಕಿ ಡಾಕ್ಟರುಗಳ ಸಿಟ್ಟಿಗೆ ಗುರಿಯಾಯಿತು. ಇಷ್ಟೆಲ್ಲ ನೋಡಿದ ರೋಗಿ, ‘ನಿಮ್ಮ ಪರಿಸ್ಥಿತಿ ಹೇಗುಂಟು?’ ಎಂದರೆ ಜೇಬಿಗೆ ಕೈ ಹಾಕಲು ಅಳತೆ ತೆಗೆಯುತ್ತಿದ್ದಾರೆ ಎಂದುಕೊಂಡರೆ ತಪ್ಪೇನು? ಅದೇ 2002ರ ನಿಯಮಗಳು ಫೀಸನ್ನು ಸೇವೆಗೆ ಮೊದಲೇ ತಿಳಿಸಬೇಕು ಎನ್ನುತ್ತವೆ. ಕೇಳಬೇಕೆಂದಿರುವ ಡಾಕ್ಟರು ತನ್ನ ಫೀಸನ್ನು ಗೋಡೆಯ ಮೇಲೆ ಬರೆಸಿಡುವುದರಿಂದ ಶುರು ಮಾಡಿದರೆ ಅರ್ಧ ಅನುಮಾನ ಅಲ್ಲೇ ಕಳೆಯುತ್ತದೆ.

ಏನೆಂದು ಕೇಳುವುದು

ಕೆನಡಾದ ಒಂಟೇರಿಯೊದಲ್ಲಿ ಫ್ಯಾಮಿಲಿ ಡಾಕ್ಟರುಗಳಿಗಾಗಿ ಬಡತನದ ಬಗ್ಗೆ ಒಂದು ಕೈಪಿಡಿ ಮಾಡಿದ್ದಾರೆ. ಎಲ್ಲ ರೋಗಿಗಳಿಗೂ ಒಂದೇ ಮಾತು ಕೇಳಿ ಎನ್ನುತ್ತದೆ ಅದು: ತಿಂಗಳ ಕೊನೆಗೆ ಖರ್ಚು ತೂಗಿಸುವುದು ಕಷ್ಟವಾಗುತ್ತದೆಯೇ? ಹೌದು ಎಂದರೆ ಮುಂದಿನ ಪ್ರಶ್ನೆ ವರಮಾನ ತೆರಿಗೆಯ ರಿಟರ್ನ್ ಸಲ್ಲಿಸಿದ್ದೀರಾ ಎಂಬುದು. ಯಾಕೆಂದರೆ ಅಲ್ಲಿ ಅನೇಕ ಸಹಾಯಧನಗಳು ಕೈಸೇರುವುದು ಆ ರಿಟರ್ನಿನ ಮೂಲಕ. ಎರಡನೆಯ ಪ್ರಶ್ನೆಯೇ ನನಗೆ ಹಿಡಿಸುವುದು. ಮೊದಲನೆಯದಕ್ಕೆ ಬರುವ ಉತ್ತರದಿಂದ ಏನು ಮಾಡಬೇಕು ಎಂದು ಅವರು ಮೊದಲೇ ನಿಶ್ಚಯಿಸಿಕೊಂಡಿದ್ದಾರೆ.

ಅದೇ ಮಾತನ್ನು ಇಲ್ಲಿಗೆ ಎತ್ತಿ ತಂದರೆ ನಡೆಯದು. ನಮ್ಮವರಿಗೆ ಕಷ್ಟ ಬರುವುದು ತಿಂಗಳ ಕೊನೆಗೇ ಎಂದೇನಿಲ್ಲ. ನಾಕಾ ಕೆಲಸದವರಿಗೆ ಮಳೆಗಾಲವಿಡೀ ಕಷ್ಟ. ಶಾಲೆಯ ಫೀಸು ಕಟ್ಟುವವರಿಗೆ ಜೂನ್. ಊರಿನಲ್ಲಿ ಮದುವೆಯೋ ಜೀರ್ಣೋದ್ಧಾರವೋ ಇದ್ದವರಿಗೆ ಎಪ್ರಿಲ್, ಮೇ. ಆದಾಯ ಎಷ್ಟು ಎಂದು ಕೇಳಿದರೂ ಉಪಯೋಗವಿಲ್ಲ. ಮೂವತ್ತು ಸಾವಿರ ಸಂಬಳದಲ್ಲಿ ಇಪ್ಪತ್ತು ಊರಿಗೆ ಕಳಿಸುವವರಿಗಿಂತ, ಹದಿನೆಂಟು ಸಾವಿರದಲ್ಲಿ ಒಬ್ಬರೇ ಇರುವವರು ಮದ್ದಿನ ಮಟ್ಟಿಗೆ ಶ್ರೀಮಂತರು. ಕೇಳಬೇಕಾದ್ದು ಮದ್ದನ್ನೇ ಹಿಡಿದು: ‘ಹೋದ ಸಲ ಬರೆದದ್ದರಲ್ಲಿ ಎಷ್ಟು ದಿನದ್ದು ತಗೊಂಡ್ರಿ? ದುಡ್ಡಿನ ಕಾರಣಕ್ಕೆ ಒಂದಾದರೂ ಬಿಟ್ಟದ್ದುಂಟಾ? ಎಲ್ಲರಿಗೂ ಕೇಳ್ತೇನೆ, ನಿಮಗೆ ಮಾತ್ರ ಅಲ್ಲ.’ ಕೊನೆಯ ವಾಕ್ಯ ಬಿಡಬಾರದು, ಮತ್ತು ಅದು ಸುಳ್ಳಾಗಬಾರದು. ಟವರಿನಿಂದ ಬಂದವರಿಗೂ ಕೇಳಲೇಬೇಕು. ‘ಸರಿಯಾಗಿ ತಗೊಳ್ತೀರಾ?’ ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಅದು ಪ್ರಶ್ನೆಯೇ ಅಲ್ಲ, ಬೈಗುಳದ ಪೀಠಿಕೆ ಎಂದು ಅವರಿಗೆ ಗೊತ್ತು.

ಬಾಯಲ್ಲಿ ಕೇಳುವುದೇ ಕಷ್ಟವಾದ ಕಡೆ ಸ್ಟ್ರಿಪ್ ಮಾತಾಡುತ್ತದೆ. ‘ಮದ್ದು ತನ್ನಿ’ ಎಂದರೆ ಯಾರಿಗೂ ಅವಮಾನವಿಲ್ಲ. ಐದನೇ ತಾರೀಖಿನ ಬಿಲ್ಲಿನಲ್ಲಿ 15ರ ಸ್ಟ್ರಿಪ್ ಒಂದು, ಇಪ್ಪತ್ತೈದಕ್ಕೆ ಇನ್ನೂ ಆರು ಉಳಿದಿದೆ ಎಂದರೆ ಲೆಕ್ಕ ಎದುರಿಗೇ ಇದೆ. ಚೀಟಿಯ ಹಿಂದೆ ಅಂಗಡಿಯವರು ಹಾಕುವ ಸೀಲು, ತಾರೀಖು, ಎಷ್ಟು ಕೊಟ್ಟೆ ಎಂಬ ಗುರುತನ್ನೂ ನೋಡಬೇಕು. ಮೆಟ್‌ಫಾರ್ಮಿನ್ ಎಸ್‌ಆರ್ ಮಾತ್ರೆಯ ಅರ್ಧ ತುಂಡು ಪೊಟ್ಟಣದಲ್ಲಿ ಸಿಕ್ಕರೆ ಅದೂ ಒಂದು ಉತ್ತರ. ನಿಧಾನವಾಗಿ ಕರಗಬೇಕಾದ್ದನ್ನು ಮುರಿದರೆ ಒಮ್ಮೆಲೇ ಬಿಡುಗಡೆಯಾಗಿ ಹೊಟ್ಟೆ ಕೆಡಬಹುದು, ಆಮೇಲೆ ‘ಈ ಮಾತ್ರೆ ನನಗೆ ಆಗುವುದಿಲ್ಲ’ ಎಂದು ಪೂರ್ತಿ ಬಿಡುತ್ತಾರೆ.

ಹೆಂಗಸರ ಬಳಿ ಇನ್ನೊಂದು ಮಾತು ಸೇರಿಸಬೇಕಾಗುತ್ತದೆ. ಮನೆಯಲ್ಲಿ ದುಡ್ಡಿರಬಹುದು, ಅವರ ಕೈಯಲ್ಲಿ ಇಲ್ಲದಿರಬಹುದು. ಗಂಡನೋ ಅತ್ತೆಯೋ ಪಕ್ಕದಲ್ಲೇ ಕೂತಿದ್ದರೆ ಅವರೆದುರು ಕೇಳಬೇಡಿ. ತೂಕ ನೋಡಲಿಕ್ಕೆಂದು ಒಳಗೆ ಕರೆದು ‘ಮದ್ದಿಗೆ ದುಡ್ಡು ಯಾರು ಕೊಡ್ತಾರಕ್ಕ?’ ಎಂದರೆ ಸಾಕು.

‘ಮೇಲಿನೆರಡು ಕೊಡಿ’

ಮೆಡಿಕಲ್ ಅಂಗಡಿಯ ಎದುರು ಸಂಜೆ ಹತ್ತು ನಿಮಿಷ ನಿಂತರೆ ಕೇಳಿಸುವ ಮಾತಿದು. ಏಳು ಐಟಂ ಇರುವ ಚೀಟಿ. ಒಟ್ಟು ಎಷ್ಟಾಗುತ್ತದೆ ಎಂದು ಕೇಳುತ್ತಾರೆ, ಒಂದು ಸಾವಿರದ ಮೇಲೆ ಎಂದರೆ ‘ಈಗ ಮೇಲಿನೆರಡು ಕೊಡಿ’ ಎನ್ನುತ್ತಾರೆ. ಡಾಕ್ಟರು ಚೀಟಿಯನ್ನು ಯಾವ ಕ್ರಮದಲ್ಲಿ ಬರೆದರು ಎನ್ನುವುದರ ಮೇಲೆ ಆಗ ಜೀವ ನಿಂತಿದೆ. ಮೊದಲನೆಯದು ಗ್ಯಾಸಿನ ಮಾತ್ರೆ, ಎರಡನೆಯದು ವಿಟಮಿನ್, ಆರನೆಯದು ಕ್ಲೊಪಿಡೊಗ್ರೆಲ್ ಎಂದಿದ್ದರೆ ಹಾರ್ಟ್ ಅಟ್ಯಾಕ್ ಆದವರು ವಿಟಮಿನ್ ತಿಂದು ಕೂರುತ್ತಾರೆ. ಯಾವುದು ಬೇಕು ಎಂದು ಅಂಗಡಿಯವರು ಕೇಳಿದರೂ ರೋಗಿ ಆರಿಸುವ ರೀತಿ ಹೀಗೆ: ತಿಂದ ಕೂಡಲೇ ಆರಾಮ ಕೊಡುವುದನ್ನು ಇಟ್ಟುಕೊಂಡು, ತಿಂದದ್ದೂ ಬಿಟ್ಟದ್ದೂ ಗೊತ್ತಾಗದ ಕೊಲೆಸ್ಟರಾಲ್ ಮಾತ್ರೆಯನ್ನು ಬಿಡುತ್ತಾರೆ.

ಇದಕ್ಕೆ ಖರ್ಚಿಲ್ಲದ ಪರಿಹಾರವಿದೆ. ಬಿಡಲೇಬಾರದ್ದನ್ನು ಮೊದಲು ಬರೆದು, ಅಲ್ಲಿಗೆ ಒಂದು ಅಡ್ಡಗೆರೆ ಎಳೆಯಿರಿ. ಕೆಳಗಿನದ್ದು ಕೈಯಲ್ಲಿದ್ದರೆ ಮಾತ್ರ. ಗೆರೆಯ ಕೆಳಗಿನದ್ದನ್ನು ಬರೆಯುವ ಅಗತ್ಯವಿತ್ತೇ ಎಂಬ ಯೋಚನೆ ಡಾಕ್ಟರಿಗೂ ಆಗ ಬರುತ್ತದೆ. ಲಿವರ್ ಟಾನಿಕ್, ಎನ್ಜೈಮ್ ಸಿರಪ್, ಮಲ್ಟಿವಿಟಮಿನ್ ಮೂರನ್ನು ತೆಗೆದರೆ ಎಷ್ಟೋ ಚೀಟಿಗಳು ಅರ್ಧ ಬೆಲೆಗೆ ಇಳಿಯುತ್ತವೆ. ಇನ್ನು ಹೆಸರು. ಚೀಟಿಯಲ್ಲಿ ಬ್ರ್ಯಾಂಡ್ ಬರೆದರೆ, ಡಾಕ್ಟರ ಒಪ್ಪಿಗೆಯಿಲ್ಲದೆ ಬೇರೆ ಕಂಪನಿಯದ್ದನ್ನು ಕೊಡಲು ಔಷಧ ನಿಯಮಗಳ ಪ್ರಕಾರ ಅಂಗಡಿಯವರಿಗೆ ಅಧಿಕಾರವಿಲ್ಲ. ಜನೌಷಧಿ ಕೇಂದ್ರಕ್ಕೆ ಕಳಿಸುವುದಾದರೆ ಟೆಲ್ಮಿಸಾರ್ಟನ್ 40, ಅಮ್ಲೊಡಿಪಿನ್ 5 ಎಂದು ಮದ್ದಿನ ಹೆಸರನ್ನೇ ಬರೆಯಬೇಕು. ಸಾಮಾನ್ಯ ಅಂಗಡಿಯವರು ‘ಜೆನೆರಿಕ್’ ಎಂದು ಕೊಡುವುದರಲ್ಲಿ ಎಮ್‌ಆರ್‌ಪಿ ದೊಡ್ಡದಾಗಿಯೇ ಅಚ್ಚಾಗಿರುತ್ತದೆ. ಡಿಸ್ಕೌಂಟ್ ಎಷ್ಟು ಬಿಡುತ್ತಾರೆ ಎನ್ನುವುದು ಅವರ ಮನಸ್ಸು. ಬೆಲೆಯ ಬಗ್ಗೆ ಡಾಕ್ಟರ ತಿಳಿವಳಿಕೆಯೂ ಹಳಸುತ್ತದೆ. ಸಕ್ಕರೆ ಕಾಯಿಲೆಯ ಎಂಪಾಗ್ಲಿಫ್ಲೊಜಿನ್ ಮಾತ್ರೆ ಒಂದಕ್ಕೆ ಅರವತ್ತು ರೂಪಾಯಿಯ ಆಸುಪಾಸಿನಲ್ಲಿತ್ತು. 2025ರ ಮಾರ್ಚ್‌ನಲ್ಲಿ ಪೇಟೆಂಟ್ ಮುಗಿದು ಹತ್ತಾರು ಕಂಪನಿಗಳು ಇಳಿದ ಮೇಲೆ ಹತ್ತು ರೂಪಾಯಿಯ ಆಸುಪಾಸಿಗೂ ಸಿಗತೊಡಗಿತು. ಇನ್ನೂ ಹಳೆಯ ಬ್ರ್ಯಾಂಡನ್ನೇ ಕೈರೂಢಿಯಲ್ಲಿ ಬರೆಯುತ್ತಿರುವವರಿದ್ದಾರೆ.

ಟೆಸ್ಟುಗಳಿಗೂ ಇದೇ ಗೆರೆ ಬೇಕು. ಮಳೆಗಾಲದ ಜ್ವರಕ್ಕೆ ಮೊದಲ ದಿನವೇ ಫುಲ್ ಪ್ಯಾಕೇಜ್ ಬರೆಯುವುದಕ್ಕಿಂತ, ರಕ್ತಕಣಗಳ ಎಣಿಕೆ ಮತ್ತು ಮಲೇರಿಯಾ ಸ್ಮಿಯರ್ ಮೊದಲು; ಸ್ಮಿಯರ್ ಪಾಲಿಕೆಯ ದವಾಖಾನೆಯಲ್ಲಿ ಪುಕ್ಕಟೆ. ಡೆಂಗೆಯ ಎನ್‌ಎಸ್1 ಟೆಸ್ಟ್ ಜ್ವರದ ಮೊದಲ ಐದು ದಿನಕ್ಕೆ, ಐಜಿಎಮ್ ಆಮೇಲಿನದಕ್ಕೆ. ಎರಡನೆಯ ದಿನ ಐಜಿಎಮ್ ಮಾಡಿಸುವುದು ದುಡ್ಡು ನೀರಿಗೆ ಹಾಕಿದ ಹಾಗೆ.

ಇನ್ಸುಲಿನ್‌ಗೆ ಬಂದರೆ ಅಗ್ಗದ್ದು ಬರೆದುಕೊಟ್ಟು ಕೈತೊಳೆದುಕೊಳ್ಳುವುದು ಅಪಾಯ. ಪೆನ್ನಿನ ಕಾರ್ಟ್ರಿಜ್ 3 ಮಿ.ಲೀ., ಮಿ.ಲೀ.ಗೆ 100 ಯುನಿಟ್, ಒಟ್ಟು 300. ಹಳೆಯ ಹ್ಯೂಮನ್ ಇನ್ಸುಲಿನ್ 30/70ರ ವಯಲ್ 10 ಮಿ.ಲೀ., ಮಿ.ಲೀ.ಗೆ 40 ಯುನಿಟ್, ಒಟ್ಟು 400. ವಯಲ್ ಬೆಲೆ ಇನ್ನೂರರ ಒಳಗೆ, ಹೊಸ ಬಗೆಯ ಕಾರ್ಟ್ರಿಜ್ ಅದರ ಕೆಲವು ಪಟ್ಟು. ದಿನಕ್ಕೆ 30 ಯುನಿಟ್ ಬೇಕಾದವರಿಗೆ ವಯಲ್ ಹದಿಮೂರು ದಿನ ಬರುತ್ತದೆ. ಬದಲಾಯಿಸಿದ್ದು ಸರಿ. ಆದರೆ ಈ ವಯಲಿಗೆ ಕೆಂಪು ಮುಚ್ಚಳದ 40ರ ಸಿರಿಂಜೇ ಆಗಬೇಕು. ಕಿತ್ತಳೆ ಮುಚ್ಚಳದ 100ರ ಸಿರಿಂಜಿನಲ್ಲಿ 30ರ ಗೆರೆಗೆ ಎಳೆದರೆ ಒಳಗೆ ಹೋಗುವುದು 12 ಯುನಿಟ್ ಮಾತ್ರ. ಉಲ್ಟಾ ಆದರೆ, ಅಂದರೆ 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 30ಕ್ಕೆ ಎಳೆದರೆ, ಹೋಗುವುದು 75. ಚೀಟಿಯಲ್ಲಿ ಸಿರಿಂಜಿನ ಮುಚ್ಚಳದ ಬಣ್ಣವನ್ನೂ ಬರೆದುಕೊಡಬೇಕು.

ಇಷ್ಟಕ್ಕೂ ಮುಗಿಯದು. ಹ್ಯೂಮನ್ 30/70 ಊಟಕ್ಕೆ ಅರ್ಧ ಗಂಟೆ ಮೊದಲು ಚುಚ್ಚಿಕೊಳ್ಳಬೇಕು. ಹೊಸ ಬಗೆಯದಾದರೆ ಊಟಕ್ಕೆ ಕೂತಾಗಲೇ ನಡೆಯುತ್ತದೆ. ಹೊಟೇಲಿನ ಅಡುಗೆಯವರು ಬೆಳಿಗ್ಗೆ ಐದಕ್ಕೆ ಸಾಂಬಾರಿಗೆ ಇಟ್ಟು ತಿಂಡಿ ತಿನ್ನುವುದು ಹತ್ತೂವರೆಗೆ, ಮಧ್ಯಾಹ್ನದ ಊಟ ನಾಲ್ಕಕ್ಕೆ. ಅರ್ಧ ಗಂಟೆಯ ಲೆಕ್ಕ ಹಾಕಿ ಚುಚ್ಚಿಕೊಂಡ ಮೇಲೆ ಪಾರ್ಸೆಲ್ ಆರ್ಡರ್ ಬಂದರೆ ಊಟ ಒಂದು ಗಂಟೆ ತಡ, ಒಲೆಯ ಮುಂದೆಯೇ ಸಕ್ಕರೆ ಇಳಿಯುತ್ತದೆ. ಅಂಥವರಿಗೆ ಕಿಸೆಯಲ್ಲಿ ಬೆಲ್ಲದ ತುಂಡು ಇಟ್ಟುಕೊಳ್ಳಲು ಹೇಳುವುದು, ಡೋಸು ಸ್ವಲ್ಪ ಕಡಿಮೆಯಿಂದ ಶುರು ಮಾಡುವುದು, ಮೊದಲ ವಾರ ಎರಡು ಸಲ ಸಕ್ಕರೆ ನೋಡುವುದು ಕೂಡ ಆ ಅಗ್ಗದ ಚೀಟಿಯ ಭಾಗ. ರೂಮಿನಲ್ಲಿ ಫ್ರಿಜ್ ಇಲ್ಲದಿದ್ದರೆ ತೆರೆದ ವಯಲನ್ನು ಅಡುಗೆಮನೆಯ ಶಾಖದಿಂದ ದೂರ, ನೀರಿನ ಮಡಕೆಯ ಪಕ್ಕ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಕುಡಿಕೆಯಲ್ಲಿಟ್ಟು, ನಾಲ್ಕು ವಾರದೊಳಗೆ ಮುಗಿಸಬೇಕು. ಬಳಸುವ ಮೊದಲು ಅಂಗೈ ನಡುವೆ ಹೊರಳಿಸಬೇಕು, ಕುಲುಕಬಾರದು.

ದೊಡ್ಡ ಖರ್ಚು ಬರುವ ಮೊದಲು

ಹಣದ ಪ್ರಶ್ನೆಯ ಜೊತೆ ಇನ್ನೊಂದು ಕೇಳಿದರೆ ಫಲ ಹೆಚ್ಚು: ‘ಸಂಬಳದಲ್ಲಿ ಇಎಸ್‌ಐ ಕಟ್ ಆಗ್ತದಾ?’ ನೌಕರರಿಗಾಗಿ ಇರುವ ಸರಕಾರಿ ವಿಮೆ ಇದು. ತಿಂಗಳಿಗೆ 21,000 ರೂಪಾಯಿಯೊಳಗಿನ ಸಂಬಳದವರಿಗೆ, ಸಂಸ್ಥೆ ಇಎಸ್‌ಐ ವ್ಯಾಪ್ತಿಯಲ್ಲಿದ್ದರೆ, ನೌಕರನಿಂದ 0.75 ಶೇಕಡಾ, ಮಾಲಕರಿಂದ 3.25 ಶೇಕಡಾ ಹೋಗುತ್ತದೆ. ಕಟ್ ಆಗುತ್ತಿರುವುದು ಎಷ್ಟೋ ಹೊಟೇಲ್ ಹುಡುಗರಿಗೆ ಗೊತ್ತೇ ಇಲ್ಲ. ಪಗಾರಿನ ಚೀಟಿ ನೋಡಿದವರು ಕಡಿಮೆ. ಇದರಲ್ಲಿ ಹೊರರೋಗಿ ಮದ್ದೂ ಬರುತ್ತದೆ, ಮನೆಯವರಿಗೂ ಬರುತ್ತದೆ. ಕಾಯಿಲೆಯ ರಜೆಗೆ ಕೂಲಿಯ 70 ಶೇಕಡಾದಂತೆ ವರ್ಷಕ್ಕೆ 91 ದಿನಗಳ ತನಕ ಸಿಗುತ್ತದೆ, ಅದಕ್ಕೆ ಮೊದಲಿನ ಆರು ತಿಂಗಳ ಅವಧಿಯಲ್ಲಿ 78 ದಿನಗಳ ವಂತಿಗೆ ಆಗಿರಬೇಕು. ಟಿ.ಬಿ.ಯಂಥ ದೀರ್ಘ ಕಾಯಿಲೆಗೆ ಇದು ಇನ್ನೂ ಮುಂದುವರಿಯುತ್ತದೆ. ತಪ್ಪುವುದು ಎಲ್ಲಿ ಎಂದರೆ, ಫ್ಯಾಮಿಲಿ ಡಾಕ್ಟರು ಬರೆದುಕೊಟ್ಟ ರೆಸ್ಟಿನ ಸರ್ಟಿಫಿಕೇಟ್ ಮಾಲಕರಿಗೆ ಸಾಕು, ಇಎಸ್‌ಐಗೆ ಸಾಲದು. ಅಲ್ಲಿಯ ದವಾಖಾನೆಯ ಅಥವಾ ಪ್ಯಾನೆಲ್ ಡಾಕ್ಟರದ್ದೇ ಬೇಕು. ಕಾಲು ಮುರಿದವರನ್ನು ಮೊದಲ ವಾರವೇ ಅಲ್ಲಿಗೆ ಕಳಿಸದಿದ್ದರೆ ಆ ವಾರದ ದುಡ್ಡು ಹೋಯಿತು.

ಟಿ.ಬಿ. ಎಂದು ಗೊತ್ತಾದರೆ ಹಣ ಕೇಳುವ ಮೊದಲೇ ಹೇಳಬೇಕಾದ್ದಿದೆ: ಮದ್ದು ಪೂರ್ತಿ ಪುಕ್ಕಟೆ. ಖಾಸಗಿ ಡಾಕ್ಟರೂ ಪ್ರಕರಣವನ್ನು ಸರಕಾರಕ್ಕೆ ತಿಳಿಸುವುದು 2012ರಿಂದ ಕಡ್ಡಾಯ. ಹಾಗೆ ದಾಖಲಾದವರಿಗೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಚಿಕಿತ್ಸೆಯ ಅವಧಿಗೆ ತಿಂಗಳಿಗೆ 1,000 ರೂಪಾಯಿ. 2024ರ ನವೆಂಬರಿಗೆ ಮೊದಲು ಇದು 500 ಇತ್ತು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಇಲ್ಲದಿದ್ದರೆ ಇದು ನಿಂತುಹೋಗುತ್ತದೆ.

ಆಪರೇಷನ್ ಮಟ್ಟದ ಖರ್ಚಿಗೆ ಮಹಾರಾಷ್ಟ್ರ ಸರಕಾರದ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಇದೆ, ಈಗ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ. ಆಯುಷ್ಮಾನ್ ಕಾರ್ಡ್ ಊರಿನದ್ದಾದರೂ ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲಿ ನಡೆಯುವಂತೆ ಮಾಡಿದ್ದಾರೆ. 70 ತುಂಬಿದವರಿಗೆ 2024ರ ಅಕ್ಟೋಬರಿನಿಂದ ಆದಾಯ ನೋಡದೆ ಕಾರ್ಡ್ ಕೊಡುತ್ತಾರೆ. ಮುಂಬಯಿಯ ಚ್ಯಾರಿಟಿ ಟ್ರಸ್ಟ್ ಆಸ್ಪತ್ರೆಗಳು, ಹೊರಗಿನಿಂದ ಪಂಚತಾರಾ ಹೊಟೇಲಿನಂತೆ ಕಾಣುವವೂ ಸೇರಿ, 10 ಶೇಕಡಾ ಹಾಸಿಗೆಗಳನ್ನು ನಿರ್ಗತಿಕರಿಗೆ ಪುಕ್ಕಟೆಯಾಗಿ, ಇನ್ನು 10 ಶೇಕಡಾವನ್ನು ಬಡವರಿಗೆ ರಿಯಾಯಿತಿಯಲ್ಲಿ ಇಡಬೇಕೆಂದು ಬಾಂಬೆ ಹೈಕೋರ್ಟ್ 2006ರಲ್ಲಿ ಒಪ್ಪಿದ ಯೋಜನೆಯೇ ಹೇಳುತ್ತದೆ. ತುರ್ತು ಕೇಸು ಬಿಟ್ಟರೆ ಇವೆಲ್ಲದರಲ್ಲೂ ಅನುಮತಿ ಮೊದಲು, ಚಿಕಿತ್ಸೆ ಆಮೇಲೆ. ಬಿಲ್ ಕಟ್ಟಿ ಡಿಸ್ಚಾರ್ಜ್ ಆದ ಮೇಲೆ ಕಾಗದ ಹಿಡಿದು ಹೋದರೆ ಯಾರೂ ಕೈಗೆ ತೆಗೆದುಕೊಳ್ಳುವುದಿಲ್ಲ. ರೇಷನ್ ಕಾರ್ಡು, ತಹಸೀಲ್ದಾರರ ಆದಾಯ ಪ್ರಮಾಣಪತ್ರ, ಆಸ್ಪತ್ರೆಯ ಎಸ್ಟಿಮೇಟ್ ಮೂರೂ ಕೈಯಲ್ಲಿರಬೇಕು, ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನೋ ಸೋಶಿಯಲ್ ವರ್ಕರನ್ನೋ ದಾಖಲಾಗುವ ದಿನವೇ ಕಾಣಬೇಕು. ನಮ್ಮವರಿಗೆ ತೊಡಕಾಗುವುದು ಹೆಸರು: ಊರಿನ ರೇಷನ್ ಕಾರ್ಡಿನಲ್ಲಿ ಬರೀ ಇನಿಶಿಯಲ್, ಇಲ್ಲಿಯ ಆಧಾರಿನಲ್ಲಿ ಅಡ್ಡಹೆಸರು. ಹರ್ನಿಯಾ ಆಪರೇಷನ್ ಇನ್ನು ಆರು ತಿಂಗಳಲ್ಲಿ ಬೇಕಾದೀತು ಎಂದು ಡಾಕ್ಟರಿಗೆ ಇವತ್ತೇ ಗೊತ್ತು. ಹೆಸರು ಸರಿಮಾಡಿಸಿಕೊಳ್ಳಲು ಇವತ್ತೇ ಹೇಳಬಹುದಲ್ಲ.

ಆಪರೇಷನ್ ಮಟ್ಟದ ಈ ಯೋಜನೆಗಳೆಲ್ಲ ಆಸ್ಪತ್ರೆಗೆ ಸೇರಿದವರಿಗೆ. ಭಟ್ಟರ ತಿಂಗಳ ಮಾತ್ರೆಗೆ ಇವುಗಳಲ್ಲಿ ಒಂದು ರೂಪಾಯಿಯೂ ಬರುವುದಿಲ್ಲ. ಕಾಲು ಕೊಳೆತು ಕತ್ತರಿಸುವ ಹಂತಕ್ಕೆ ಬಂದರೆ ಲಕ್ಷಗಳಿವೆ. ಆ ಮೊದಲಿನ ಹತ್ತು ವರ್ಷದ ಗುಳಿಗೆಗೆ ಇಎಸ್‌ಐ ಇಲ್ಲದವರಿಗೆ ಪಾಲಿಕೆಯ ದವಾಖಾನೆ, 2022ರಿಂದ ಶುರುವಾದ ‘ಆಪ್ಲಾ ದವಾಖಾನಾ’, ಇಲ್ಲವೇ ಜನೌಷಧಿ. ಅಲ್ಲಿಗೆ ಕಳಿಸಿದರೆ ತನ್ನ ರೋಗಿ ಕೈತಪ್ಪುತ್ತಾರೆ ಎಂದು ಹೆದರುವ ಡಾಕ್ಟರೂ ಇದ್ದಾರೆ. ಮದ್ದು ಅಲ್ಲಿಂದ, ಸಲಹೆ ಇಲ್ಲಿಂದ ಎಂದು ಮಾಡಿಕೊಂಡರೆ ರೋಗಿ ಎಲ್ಲಿಗೂ ಹೋಗುವುದಿಲ್ಲ.

ಚೀಟಿಯ ಮೇಲೆ

ಕೇಳಿದ್ದನ್ನು ಎಲ್ಲಿ ಬರೆದಿಡುವುದು? ರೋಗಗಳ ಅಂತಾರಾಷ್ಟ್ರೀಯ ಪಟ್ಟಿಯಾದ ಐಸಿಡಿ-10ರಲ್ಲಿ ಕಡಿಮೆ ಆದಾಯಕ್ಕೂ ಒಂದು ಸಂಕೇತವಿದೆ, ಝಡ್ 59.6. ರೋಗಿಯ ಕೈಗೆ ಹೋಗುವ ಚೀಟಿಯಲ್ಲಿ ಇದ್ಯಾವುದೂ ಬೇಡ; ಆ ಚೀಟಿಯನ್ನು ಅಂಗಡಿಯವರು ನೋಡುತ್ತಾರೆ, ರೂಮಿನವರು ನೋಡುತ್ತಾರೆ, ಮಗಳಿಗೆ ಗಂಡು ನೋಡುವ ಕಾಲಕ್ಕೆ ನೆಂಟರೂ ನೋಡುತ್ತಾರೆ. ದವಾಖಾನೆಯ ತನ್ನ ರಿಜಿಸ್ಟರಿನಲ್ಲಿ ‘30 ದಿನದ್ದು ಒಟ್ಟಿಗೆ ಕೊಳ್ಳುವುದಿಲ್ಲ, 7ರ ನಂತರ ಬರಲು ಹೇಳಿದೆ’ ಎಂದರೆ ಬೇಕಾದಷ್ಟಾಯಿತು.

ಚೀಟಿಯಲ್ಲಿ ಬರೆಯುವ ಇನ್ನೊಂದು ವಿಷಯಕ್ಕೆ ಹಣದ ಸಂಬಂಧ ಇರುವುದನ್ನು ಎಷ್ಟೋ ಡಾಕ್ಟರುಗಳು ಗಮನಿಸುವುದಿಲ್ಲ. ‘ಸಕ್ಕರೆ ಎಷ್ಟು ವರ್ಷದಿಂದ?’ ‘ಆಯ್ತು ಡಾಕ್ಟ್ರೇ, ಒಂದು ಐದಾರು ವರ್ಷ.’ ಅಂದಾಜಿನ ಆ ಮಾತನ್ನು ಹಾಗೇ ಬರೆದರೆ, ನಾಲ್ಕು ವರ್ಷದ ಹಿಂದೆ ಮೆಡಿಕ್ಲೇಮ್ ಮಾಡಿಸಿದವರಿಗೆ ಕಂಪನಿ ಅದೇ ಚೀಟಿ ಹಿಡಿದು ‘ಮೊದಲೇ ಇದ್ದ ಕಾಯಿಲೆ, ನೀವು ಮುಚ್ಚಿಟ್ಟಿರಿ’ ಎನ್ನುತ್ತದೆ. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿ 2024ರಿಂದ ಹೆಚ್ಚೆಂದರೆ 36 ತಿಂಗಳು. ಐದು ವರ್ಷ ಬಿಡದೆ ಕಂತು ಕಟ್ಟಿದ ಮೇಲೆ, ಮೋಸ ಎಂದು ತೋರಿಸಲಾಗದಿದ್ದರೆ, ಮುಚ್ಚಿಟ್ಟಿರಿ ಎಂಬ ತಕರಾರು ಎತ್ತುವಂತಿಲ್ಲ. ಆ ನಡುವಿನ ವರ್ಷಗಳಲ್ಲಿ ಡಾಕ್ಟರು ಬರೆದ ಒಂದು ಅಂಕಿಯ ಬೆಲೆ ಎರಡು ಮೂರು ಲಕ್ಷ. ಸುಳ್ಳು ಬರೆಯಿರಿ ಎಂದು ರೋಗಿಗಳು ಕೇಳುವುದುಂಟು, ಅದು ಆಗದ ಮಾತು. ಆದರೆ ಅಂದಾಜನ್ನು ನಿಜದಂತೆ ಬರೆಯುವುದೂ ಆಗಬಾರದು. ಮೊದಲ ರಕ್ತದ ರಿಪೋರ್ಟ್ ತರಿಸಿ, ಅದರ ತಾರೀಖು ನೋಡಿ, ತಿಂಗಳು ಇಸವಿ ಸಮೇತ ಬರೆಯಿರಿ. ರಿಪೋರ್ಟ್ ಕಳೆದುಹೋಗಿದ್ದರೆ, ರೋಗಿ ಅಂದಾಜಿನಲ್ಲಿ ಹೇಳಿದ್ದು, ದಾಖಲೆ ನೋಡಿಲ್ಲ ಎಂದೇ ಬರೆಯಿರಿ.